ಶಿರಸ್ತೇದಾರರ ಕಡತ

ಆರ್ದ್ರಾ ಮಳೆ ಹಿಡಿದ ಮೂರನೆಯ ದಿನಕ್ಕೆ, ಅಂಬ್ಲಿಗೊಳದ ಜಲಾಶಯದ ಮೇಲಿನಿಂದ ಬೀಸುವ ಗಾಳಿಯು ಎಲ್ಲಿಯೋ ಒಂದು ಮತ್ತಿಯನ್ನೋ ಅಕೇಶಿಯಾವನ್ನೋ ತಂತಿಯ ಮೇಲೆ ಕೆಡವಿ, ವಿದ್ಯುತ್ತೆಂಬುದು ಊರಿನ ಪಾಲಿಗೆ ಕೇವಲ ಶ್ರುತಿಗೋಚರವಾದ ಪದಾರ್ಥವಾಗಿ ಉಳಿದೊಡನೆ, ಮಿಕ್ಕವರೆಲ್ಲರೂ ಬೆಂಕಿಪೊಟ್ಟಣಕ್ಕಾಗಿ ತಡಕಾಡುತ್ತಿರುವ ಆ ಮುಹೂರ್ತದಲ್ಲಿಯೇ, ನಮ್ಮ ನೆರೆಮನೆಯ ನಿವೃತ್ತ ಶಿರಸ್ತೇದಾರರು ಕನ್ನಡಕವನ್ನು ಪಂಚೆಯ ಅಂಚಿನಿಂದ ಒರೆಸಿಕೊಂಡು, ಪಡಸಾಲೆಯ ಗೂಡಿನಿಂದ ಒಂದು ಕಡತವನ್ನಿಳಿಸಿ, ಚಿಮಣಿಯ ಬೆಳಕಿನಲ್ಲಿ ಅದರ ದಾರವನ್ನು ಬಿಚ್ಚುತ್ತಾರೆ. ಕಡತದ ಮುಖಪುಟದ ಮೇಲೆ, ತಾಲ್ಲೂಕು ಕಚೇರಿಯಲ್ಲಿ ಮೂರು ದಶಕಗಳ ಕಾಲ ಪಳಗಿದ ದುಂಡಕ್ಷರದಲ್ಲಿ, ‘ವಿಷಯ: ಗೃಹೋಪಯೋಗಾರ್ಥವಾಗಿ ಸುವಾಹ್ಯ ವಿದ್ಯುಜ್ಜನಕ ಯಂತ್ರವೊಂದನ್ನು ಖರೀದಿಸುವ ಬಗ್ಗೆ’ ಎಂದು ಬರೆದಿದೆ. ಬರೆದು ಹದಿನೆಂಟು ಮಳೆಗಾಲಗಳಾದುವು. ಕಡತವು ಈಗ ಅಡಿಕೆಯ ಮೂಟೆಗೆ ಒರಗಿಸಿ ನಿಲ್ಲಿಸಬಹುದಾದಷ್ಟು ದಪ್ಪವಾಗಿದೆ; ಯಂತ್ರವು ಮಾತ್ರ ಮೊನ್ನೆಮೊನ್ನೆಯವರೆಗೂ ಬಂದಿರಲಿಲ್ಲ.

ಇವರನ್ನು ಜಿಪುಣರೆಂದು ಭಾವಿಸತಕ್ಕದ್ದಲ್ಲ. ಹಣವಿಲ್ಲವೆಂದೋ ಮನಸ್ಸಿಲ್ಲವೆಂದೋ ಕೊಳ್ಳದಿರುವ ಸಾಮಾನ್ಯರ ಪಂಕ್ತಿಗೆ ಇವರು ಸೇರಿದವರಲ್ಲ. ಶಿರಾಳಕೊಪ್ಪದಿಂದ ಸೊರಬದವರೆಗೆ ಯಾವ ಊರಿಗೆ ಹೋದರೂ ಇವರ ಗೋತ್ರದವರು ಒಬ್ಬರಾದರೂ ಸಿಕ್ಕುತ್ತಾರೆ: ದನದ ಜಾತ್ರೆಯಲ್ಲಿ ಪ್ರತಿ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸಿ, ಸುಳಿ ನೋಡಿ, ಸಂಜೆ ಹಗ್ಗವನ್ನು ಮಾತ್ರ ಕೊಂಡು ಹಿಂದಿರುಗುವವರು, ಮಗಳಿಗೆ ವರ ನೋಡುತ್ತ ನೋಡುತ್ತ, ಪ್ರತಿಯೊಬ್ಬನಿಗೂ ಒಂದು ನಕ್ಷತ್ರದೋಷವನ್ನು ಕಂಡುಹಿಡಿದು, ಕೊನೆಗೆ ಮಗಳೇ ತನ್ನ ಸಹೋದ್ಯೋಗಿಯನ್ನು ಕರೆತಂದಾಗ ‘ಇವನ ಜಾತಕವನ್ನಾದರೂ ತರಿಸೋಣ’ ಎಂದು ಕೈಚಾಚುವವರು. ಆಯ್ಕೆಯೆಂಬುದು ಲೋಕದ ಉಳಿದವರಿಗೆ ಕೊಳ್ಳುವುದಕ್ಕೊಂದು ದಾರಿ. ಇವರಿಗಾದರೋ ಕೊಂಡುಬಿಟ್ಟರೆ ಮುಗಿದುಹೋಗಬಹುದಾದ ಒಂದು ಸುಖ.

ಶಿರಸ್ತೇದಾರರು ಈ ಸುಖವನ್ನು ಶಾಸ್ತ್ರೋಕ್ತವಾಗಿ ಅನುಭವಿಸಿದರು. ಮೊದಲ ಮಳೆಗಾಲವಿಡೀ ಮನೆಯ ವಿದ್ಯುದುಪಕರಣಗಳ ಜನಗಣತಿಯಲ್ಲಿ ಕಳೆಯಿತು. ಒಂದು ಸಂಜೆ ನಾನು ಹೋದಾಗ, ಅವರು ಒರಳುಕಲ್ಲಿನ ಮೇಲೆ ಮಿಕ್ಸಿಯನ್ನು ಬೋರಲು ಹಾಕಿಕೊಂಡು, ಬ್ಯಾಟರಿಯ ಬೆಳಕು ಬಿಟ್ಟು, ಅದರ ತಳದಲ್ಲಿ ಕೆತ್ತಿದ ಅಂಕಿಗಳನ್ನು ಶಾಸನ ಓದುವಂತೆ ಓದುತ್ತಿದ್ದರು. ತಾಳಗುಂದದ ಸ್ತಂಭವನ್ನು ಓದಿದ ವಿದ್ವಾಂಸರಿಗೂ ಅಷ್ಟು ಏಕಾಗ್ರತೆಯಿತ್ತೋ ಇಲ್ಲವೋ. ಅವರ ಶ್ರೀಮತಿಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು, “ರೀ, ಅದರ ಜಾತಕ ನೋಡಿ ಆಯ್ತಾ? ಮಿಕ್ಸಿ ನಿಮ್ಮ ಹತ್ರಾನೇ ಇರ್ಲಿ, ಒರಳು ಬಿಟ್ಟುಕೊಡಿ. ಚಟ್ನಿ ರುಬ್ಬಬೇಕು” ಎಂದರು.

“ಐನೂರು ವ್ಯಾಟು ಕಣೇ!” ಎಂದರು ಶಿರಸ್ತೇದಾರರು, ನಿಧಿ ಸಿಕ್ಕಿದವರಂತೆ.

“ಒರಳಿಗೆ ಎಷ್ಟು ವ್ಯಾಟು ಅಂತ ಬರ್ಕೊಂಡ್ರಾ?”

ಈ ಪ್ರಶ್ನೆ ಕಡತದಲ್ಲಿ ನಮೂದಾಗಲಿಲ್ಲ. ನಮೂದಾದದ್ದು ಬೇರೆ. ದೀಪವೊಂದಕ್ಕೆ 9 ವ್ಯಾಟಿನಂತೆ ಆರು ದೀಪ, 75ರಂತೆ ಎರಡು ಫ್ಯಾನು, ಟಿ.ವಿ., ಫ್ರಿಜ್ಜು, ಮಿಕ್ಸಿ, ಮತ್ತು ಕೊನೆಯಲ್ಲಿ, ಇಡೀ ಲೆಕ್ಕಾಚಾರವನ್ನು ಬುಡಮೇಲು ಮಾಡಲೆಂದೇ ಹುಟ್ಟಿದಂತೆ, ಬಾವಿಯ ಒಂದು ಅಶ್ವಶಕ್ತಿಯ ಪಂಪು. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟು ಎಂಬುದನ್ನು ಪಾಠಶಾಲೆಯ ಹುಡುಗರೂ ಬಲ್ಲರು. ಆದರೆ ಮೋಟಾರು ಹೊರಡುವ ಕ್ಷಣದಲ್ಲಿ, ಓಡುತ್ತಿರುವಾಗ ಬೇಡುವುದಕ್ಕಿಂತ ಮೂರರಿಂದ ಆರು ಪಟ್ಟು ಕರೆಂಟನ್ನು ಬೇಡುತ್ತದೆಂಬುದು ಶಿರಸ್ತೇದಾರರಿಗೆ ಎರಡನೆಯ ಮಳೆಗಾಲದಲ್ಲಿ ಗೊತ್ತಾಯಿತು. ಅದನ್ನು ನನಗೆ ಅವರು ವಿವರಿಸಿದ ರೀತಿಯನ್ನು ನಾನು ಮರೆಯಲಾರೆ: “ಕೆಸರಿನಲ್ಲಿ ಹೂತ ಗಾಡಿ ನೋಡಿದ್ದೀರಲ್ಲ? ಒಮ್ಮೆ ಎದ್ದಿತೆಂದರೆ ಒಂದು ಜೋಡಿ ಎತ್ತು ಸಾಕು. ಎಬ್ಬಿಸುವುದಕ್ಕೆ ಮಾತ್ರ ಊರಿನ ಎತ್ತುಗಳೆಲ್ಲ ಬೇಕು. ಅಂಗಡಿಯವನು ನಮಗೆ ಮಾರುವುದು ಎದ್ದ ಗಾಡಿಯ ಲೆಕ್ಕ ಹಿಡಿದು!” ಇಂಥ ಉಪಮಾನವನ್ನು ಕೇಳಿದ ಬಳಿಕ, ಇವರನ್ನು ಕಂದಾಯ ಇಲಾಖೆಗೆ ಸೇರಿಸಿದವರು ಶಿಕ್ಷಣ ಇಲಾಖೆಗೆ ಅನ್ಯಾಯ ಮಾಡಿದರೆಂದೇ ನನಗೆ ತೋರಿತು.

ಕೆವಿಎ ಎಂಬ ಮೂರಕ್ಷರವೂ ಅವರ ಕೈಗೆ ಸಿಕ್ಕಿ ಕೆಲವು ತಿಂಗಳು ಉಪನಿಷದ್ವಾಕ್ಯದಂತೆ ವ್ಯಾಖ್ಯಾನಕ್ಕೊಳಗಾಯಿತು. ಒಂದು ಕೆವಿಎ ಎಂದು ಬರೆದ ಮಾತ್ರಕ್ಕೆ ಸಾವಿರ ವ್ಯಾಟು ದೊರೆಯುವುದಿಲ್ಲ, ಪವರ್ ಫ್ಯಾಕ್ಟರ್ 0.8 ಎಂದು ಹಿಡಿದರೆ ಕೈಗೆ ಬರುವುದು ಎಂಟುನೂರು. “ಸಂಬಳಕ್ಕೂ ಬಟವಾಡೆಗೂ ಇರುವ ವ್ಯತ್ಯಾಸ ಇದೇ ಅಲ್ಲವೇ?” ಎಂದು ಅವರು ಕೇಳಿದಾಗ, ನಿವೃತ್ತಿವೇತನ ಪಡೆಯುವ ನನಗೆ ವಿದ್ಯುಚ್ಛಾಸ್ತ್ರದ ಆ ಭಾಗ ಅನಾಯಾಸವಾಗಿ ತಿಳಿಯಿತು. ಈ ಲೆಕ್ಕದಿಂದ ಹುಟ್ಟಿದ ಧರ್ಮಸಂಕಟವೇನೆಂದರೆ, ಕೈಯಲ್ಲಿ ಎತ್ತಿ ಒಯ್ಯಬಹುದಾದ ಒಂದೆರಡು ಕೆವಿಎಯ ಯಂತ್ರವು ಪಂಪನ್ನೆಬ್ಬಿಸಲಾರದು. ಪಂಪನ್ನೆಬ್ಬಿಸಬಲ್ಲ ನಾಲ್ಕೈದು ಕೆವಿಎಯದನ್ನು ಒಬ್ಬ ವೃದ್ಧನು ಎತ್ತಲಾರನು. ‘ಸುವಾಹ್ಯ’ ಎಂಬ ವಿಶೇಷಣವನ್ನು ವಿಷಯದಿಂದ ಕೈಬಿಟ್ಟರೆ ಸಂಕಟ ಪರಿಹಾರವಾಗುತ್ತಿತ್ತು. ಆದರೆ ವಿಷಯ ಬದಲಾದರೆ ಕಡತವನ್ನೇ ಹೊಸದಾಗಿ ತೆರೆಯಬೇಕೆಂಬುದು ಕಚೇರಿಯ ನಿಯಮ. ‘ಪಂಪನ್ನು ಹೊರತುಪಡಿಸಿ ಮರುಪರಿಶೀಲಿಸತಕ್ಕದ್ದು’ ಎಂದು ಟಿಪ್ಪಣಿ ಬರೆದು, ಅವರು ಬಾವಿಗೆ ಒಂದು ಹೊಸ ರಾಟೆ ಹಾಕಿಸಿದರು.

ಇಂಧನದ ಅಧ್ಯಾಯವಂತೂ ಒಂದು ಚರಿತ್ರೆ. ಶ್ರೀರಾಮ್ ಹೋಂಡಾ, ಬಿರ್ಲಾ ಯಮಹಾಗಳ ಹಳೆಯ ಪ್ರಚಾರಪತ್ರಗಳು ಕಡತದ ತಳದಲ್ಲಿವೆ. ಪೆಟ್ರೋಲಿನಿಂದ ಹೊರಟು ಸೀಮೆಎಣ್ಣೆಯಿಂದ ಓಡುವ ಯಂತ್ರಗಳ ಕಾಲವದು. ನ್ಯಾಯಬೆಲೆ ಅಂಗಡಿಯ ನೀಲಿ ಸೀಮೆಎಣ್ಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಅವರು ತುಲನಾತ್ಮಕ ಪಟ್ಟಿಯನ್ನು ಸಿದ್ಧಪಡಿಸಿ ಮುಗಿಸುವ ಹೊತ್ತಿಗೆ, ನೀಲಿ ಸೀಮೆಎಣ್ಣೆಯೇ ಅಂಗಡಿಯಿಂದ ಅಂತರ್ಧಾನವಾಯಿತು. ಪೆಟ್ರೋಲಿಗೆ ಬಂದರು. ಎರಡು ಕೆವಿಎಯ ಯಂತ್ರ ಪೂರ್ಣಭಾರದಲ್ಲಿ ಗಂಟೆಗೆ ಸುಮಾರು ಒಂದು ಲೀಟರು ಕುಡಿಯುತ್ತದೆಂದು ಲೆಕ್ಕ ಹಾಕಿ ಇನ್ನೇನು ಸಹಿ ಮಾಡಬೇಕೆನ್ನುವಾಗ, 2021ರ ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿತು. ಕಡತ ಗೂಡಿಗೆ ಹಿಂದಿರುಗಿತು. ಬ್ಯಾಟರಿಯ ಯುಪಿಎಸ್ಸನ್ನು ಪರಿಶೀಲಿಸಿ, ‘ಮೂರು ದಿನ ಕರೆಂಟಿಲ್ಲದಿದ್ದರೆ ಇದಕ್ಕೆ ಉಣಿಸುವವರು ಯಾರು?’ ಎಂದು ಆಕ್ಷೇಪಿಸಿದರು. ಸೌರಶಕ್ತಿಯನ್ನು ಪರಿಶೀಲಿಸಿ, ‘ಮಳೆಗಾಲದ ಅಭಾವಕ್ಕೆ ಬೇಸಗೆಯ ಪರಿಹಾರ’ ಎಂಬ ಒಂದೇ ಸಾಲಿನಲ್ಲಿ ಮುಕ್ತಾಯಗೊಳಿಸಿದರು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು ಮನೆಯ ಬಿಲ್ಲು ಸೊನ್ನೆಯಾದ ತಿಂಗಳು ಅವರು ಬರೆದ ಟಿಪ್ಪಣಿಯನ್ನು ನಾನು ಕಣ್ಣಾರೆ ಓದಿದ್ದೇನೆ: ‘ಸರ್ಕಾರವು ಉಚಿತವಾಗಿ ನೀಡುತ್ತಿರುವ ಪದಾರ್ಥವನ್ನು ಸ್ವಂತ ವೆಚ್ಚದಲ್ಲಿ ಉತ್ಪಾದಿಸುವುದು ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಸಮರ್ಥನೀಯವೇ? ಚರ್ಚಿಸಿ.’ ಯಾರೊಡನೆ ಚರ್ಚಿಸಬೇಕೆಂದು ಬರೆದಿರಲಿಲ್ಲ. ಅದನ್ನು ಬರೆದ ರಾತ್ರಿ ಕರೆಂಟೂ ಇರಲಿಲ್ಲ.

ಇಷ್ಟಾಗಿಯೂ, ಅವರ ಪಾಂಡಿತ್ಯವನ್ನು ಬಂಜೆಯೆಂದು ಕರೆಯುವವರಿಗೆ ನಾನು ಎದುರುನಿಲ್ಲಬೇಕಾಗುತ್ತದೆ. ಸುತ್ತಿನ ಊರುಗಳಲ್ಲಿ ಶುಂಠಿಯ ಬೆಳೆಗೆ ಒಳ್ಳೆಯ ಬೆಲೆ ಬಂದ ವರ್ಷ ಜನರೇಟರು ಕೊಂಡ ಏಳೆಂಟು ಮನೆಯವರೂ ಇವರ ಜಗಲಿಯ ಮೇಲೆ ಕುಳಿತು ಕೇಳಿಯೇ ಕೊಂಡವರು. ಇವರು ಹೇಳಿದ್ದು ಯಾವುದೂ ಸುಳ್ಳಾಗಲಿಲ್ಲ. ಒಂದು ಸೀಮಂತದ ರಾತ್ರಿ, ಮಳೆಗೆ ನೆನೆಯಬಾರದೆಂದು ಒಂದು ಮನೆಯವರು ಯಂತ್ರವನ್ನು ಒಳಗಿನ ಅಟ್ಟದ ಕೆಳಗಿಟ್ಟು, ಕದ ಮುಚ್ಚಿ ಓಡಿಸುತ್ತಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದೊಡನೆ, ಊಟದ ಎಲೆಯನ್ನು ಬಿಟ್ಟೆದ್ದು, ಕಂಬಳಿಕೊಪ್ಪೆ ಹಾಕಿಕೊಂಡು, ಆ ಧಾರಾಕಾರ ಮಳೆಯಲ್ಲಿ ಓಡಿದವರು ಇವರೇ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣವೂ ವಾಸನೆಯೂ ಇಲ್ಲದ ವಿಷವಿರುತ್ತದೆಂದೂ, ನಿದ್ರೆಯಲ್ಲಿದ್ದವರನ್ನು ಎಬ್ಬಿಸದೆಯೇ ಕೊಂಡೊಯ್ಯುತ್ತದೆಂದೂ ಹೇಳಿ, ತಾವೇ ಒಂದು ಹಿಡಿ ಹಿಡಿದು ಯಂತ್ರವನ್ನು ಹೊರಗಿನ ಚಪ್ಪರಕ್ಕೆ ಸಾಗಿಸಿದರು. ಇನ್ನೊಂದು ಮನೆಯಲ್ಲಿ ಮೇನ್ ತೆಗೆಯದೆ, ಜನರೇಟರಿನ ತಂತಿಯನ್ನು ಗೋಡೆಯ ಪ್ಲಗ್ಗಿಗೇ ಸಿಕ್ಕಿಸಿದ್ದುದನ್ನು ಕಂಡು ಅವರಿಗೆ ಬಂದ ಕೋಪವನ್ನು, ಮೂವತ್ತು ವರ್ಷದ ಪರಿಚಯದಲ್ಲಿ ನಾನು ಒಮ್ಮೆ ಮಾತ್ರ ಕಂಡಿದ್ದೇನೆ. ಮನೆಯ ಕರೆಂಟು ಹಿಮ್ಮುಖವಾಗಿ ಹರಿದು ಟ್ರಾನ್ಸ್‌ಫಾರ್ಮರನ್ನು ಸೇರಿದರೆ, ಅದೇ ಯಂತ್ರ ಅದನ್ನು ಹನ್ನೊಂದು ಸಾವಿರ ವೋಲ್ಟಿಗೆ ಏರಿಸಿ ಕಂಬಕ್ಕೆ ಕಳುಹಿಸುತ್ತದೆ; ಮಳೆಯಲ್ಲಿ ನೆನೆಯುತ್ತ, ತಂತಿ ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನು ಆಮೇಲೆ ಇಳಿಯುವುದಿಲ್ಲ. “ಚೇಂಜ್‌ಓವರ್ ಸ್ವಿಚ್ಚಿಗೆ ಕಾಸಿಲ್ಲದವನು ಚಿಮಣಿ ಹಚ್ಚಿಕೊಂಡು ಕೂರಲಿ!” ಎಂದು ಅವರು ಗುಡುಗಿದಾಗ, ಚಿಮಣಿ ಹಚ್ಚಿಕೊಂಡು ಕೂರುವ ವಿಷಯದಲ್ಲಿ ಅವರಿಗಿರುವ ಅಧಿಕಾರವನ್ನು ಪ್ರಶ್ನಿಸುವ ಧೈರ್ಯ ಅಲ್ಲಿದ್ದ ಯಾರಿಗೂ ಬರಲಿಲ್ಲ.

ಕತ್ತಲೆಯ ಕುರಿತು ಅವರಿಗೆ ಕಹಿಯಿಲ್ಲವೆಂಬುದೇ ನನಗೆ ಸೋಜಿಗ. ಪಕ್ಕದ ಸಾಗರ ಸೀಮೆಯ ಜೋಗದಲ್ಲಿ 1948ರಲ್ಲಿಯೇ ವಿದ್ಯುದಾಗಾರ ಹೊರಟಿತು, 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು ಎಷ್ಟೋ ಊರುಗಳು ಮುಳುಗಿದುವು, ನಾಡಿಗೆಲ್ಲ ಬೆಳಕು ಕೊಟ್ಟ ಜಿಲ್ಲೆಯಲ್ಲಿ ನಾವು ಬೆಂಕಿಪೊಟ್ಟಣ ಹುಡುಕುತ್ತೇವೆ ಎಂದು ನಾನು ಗೊಣಗಿದರೆ, “ನೀವು ಅರ್ಜಿ ಬರೆಯಿರಿ, ನಾನು ತಿದ್ದಿಕೊಡುತ್ತೇನೆ” ಎನ್ನುತ್ತಾರೆ. ನನ್ನ ಅನುಮಾನವೇನೆಂದರೆ, ಕರೆಂಟು ಹೋಗದಿದ್ದರೆ ಅವರಿಗೆ ಕಡತ ಬಿಚ್ಚಲು ಸಕಾರಣವಿರುವುದಿಲ್ಲ.

ಈ ಸಮತೋಲವನ್ನು ಕೆಡಿಸಿದವನು ಅವರ ಶ್ರೀಮತಿಯವರ ತಮ್ಮ. ಸೊರಬದ ಕಡೆ ಅನಾನಸು ಬೆಳೆಯುವವನು. ಯೋಚಿಸುವುದಕ್ಕೆ ಮುಂಚೆ ಮಾಡಿ, ಮಾಡಿದ ಮೇಲೂ ಯೋಚಿಸದವನು. ಕಳೆದ ಆಷಾಢದ ಒಂದು ಮಧ್ಯಾಹ್ನ, ಗೂಡ್ಸ್ ಆಟೋದಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಅಂಗಳದಲ್ಲಿಳಿಸಿ, “ಅಕ್ಕಾ, ಎಷ್ಟು ವರ್ಷ ಅಂತ ಚಿಮಣಿ ಒರೆಸ್ತೀಯ? ತಗೋ” ಎಂದುಬಿಟ್ಟನು. ದರಪಟ್ಟಿಯಿಲ್ಲ, ತುಲನೆಯಿಲ್ಲ, ಮಂಜೂರಾತಿಯಿಲ್ಲ. ಶಿರಸ್ತೇದಾರರು ಪೆಟ್ಟಿಗೆಯ ಸುತ್ತ ಮೂರು ಪ್ರದಕ್ಷಿಣೆ ಬಂದು, ಮೇಲಿನ ಬರಹವನ್ನೋದಿ, ಬಾಡಿದ ಮುಖದಿಂದ, “ಎರಡು ಕೆವಿಎ. ಪೆಟ್ರೋಲು. ನಾನೂ ಇದನ್ನೇ ಶಿಫಾರಸು ಮಾಡುವವನಿದ್ದೆ” ಎಂದರು.

“ಯಾವಾಗ ಭಾವ?” ಎಂದನು ಅವನು, ಯಾವ ದುರುದ್ದೇಶವೂ ಇಲ್ಲದೆ.

ಉತ್ತರ ಬರಲಿಲ್ಲ. ಅಂದು ರಾತ್ರಿ ಕಡತದ ಕೊನೆಯ ಹಾಳೆಯಲ್ಲಿ ‘ಘಟನೋತ್ತರ ಮಂಜೂರಾತಿ ನೀಡಲಾಗಿದೆ’ ಎಂದು ಬರೆದು, ದಾರ ಕಟ್ಟಿ, ಮರುದಿನವೇ ‘ವಿಷಯ: ವಿದ್ಯುಜ್ಜನಕದ ಸ್ಥಳ ನಿಗದಿ ಬಗ್ಗೆ’ ಎಂಬ ಹೊಸದೊಂದನ್ನು ತೆರೆದರು. ಕೊಟ್ಟಿಗೆಯಲ್ಲಿಟ್ಟರೆ ಸದ್ದಿಗೆ ಹಸು ಹಾಲು ಬಿಗಿಹಿಡಿಯುತ್ತದೆ; ಜಗಲಿಯಲ್ಲಿಟ್ಟರೆ ಹೊಗೆ ಕಿಟಕಿಯಿಂದ ಒಳಗೆ; ಅಂಗಳದಲ್ಲಿಟ್ಟರೆ ಮಳೆ. ಪೆಟ್ಟಿಗೆ ಹನ್ನೆರಡು ದಿನ ಪಡಸಾಲೆಯಲ್ಲಿ ನಿಗದಿಗಾಗಿ ಕಾಯಿತು. ಹದಿಮೂರನೆಯ ದಿನ ಪುಷ್ಯದ ಗಾಳಿಗೆ ಕರೆಂಟು ಹೋದದ್ದು ಸಂಜೆ ಆರಕ್ಕೆ. ಏಳಕ್ಕೆ ಶ್ರೀಮತಿಯವರು ತಮ್ಮನನ್ನು ಕರೆಸಿ, ನಾಲ್ಕೂ ಕಡೆ ಗೋಡೆಯಿಲ್ಲದ ಗಾಡಿ ಚಪ್ಪರಕ್ಕೆ ಅದನ್ನು ಹೊರಿಸಿ, ಪೆಟ್ರೋಲು ತುಂಬಿಸಿ, ಸೆರಗು ಸಿಕ್ಕಿಸಿಕೊಂಡು ಹಗ್ಗಕ್ಕೆ ಕೈಹಾಕಿದರು.

“ನಿಲ್ಲೇ!” ಎಂದು ಒಳಗಿನಿಂದ ಬಂದ ಕೂಗಿಗೆ ನಾವೆಲ್ಲರೂ ಬೆಚ್ಚಿದೆವು. ಶಿರಸ್ತೇದಾರರು ಬರಿಗಾಲಿನಲ್ಲಿ ಓಡಿಬಂದು, “ಎಂಜಿನ್ ಆಯಿಲ್ ಹಾಕಿದ್ದೀರಾ? ಹೊಸ ಯಂತ್ರವನ್ನು ಕಂಪನಿಯವರು ಆಯಿಲ್ ಇಲ್ಲದೆ ಕಳುಹಿಸುತ್ತಾರೆ. ಒಣಗಿದ ಎಂಜಿನ್ ಓಡಿಸಿದರೆ ಅದರ ಶ್ರಾದ್ಧವೂ ಇವತ್ತೇ!” ಎಂದರು. ಭಾವಮೈದುನನು ತಲೆ ಕೆರೆದುಕೊಂಡನು. ಅಳತೆಯ ಕಡ್ಡಿಯನ್ನು ತಿರುಗಿಸಿ ತೆಗೆದು ನೋಡಿದರೆ, ಅದು ಮದುವೆಯ ಓಲೆಯಷ್ಟು ಸ್ವಚ್ಛವಾಗಿತ್ತು. ಎಣ್ಣೆಯ ಡಬ್ಬಿ ಎಲ್ಲಿ ಸಿಗಬೇಕು ಆ ಹೊತ್ತಿನಲ್ಲಿ ಎಂದು ನಾನು ಚಿಂತಿಸುವಷ್ಟರಲ್ಲಿ, ಅವರು ಗೂಡಿನ ಹಿಂದಿನಿಂದ ಒಂದು ಡಬ್ಬಿಯನ್ನು ತಂದರು. ಬಾರದ ಯಂತ್ರಕ್ಕಾಗಿ ಐದು ವರ್ಷದ ಹಿಂದೆಯೇ, ಸರಿಯಾದ ದರ್ಜೆಯದನ್ನು ಆರಿಸಿ ಕೊಂಡಿಟ್ಟದ್ದು. ಇಡೀ ವ್ಯವಹಾರದಲ್ಲಿ ಅವರು ನಿಜವಾಗಿ ಖರೀದಿಸಿದ ವಸ್ತು ಅದೊಂದೇ ಎಂದು ಕಾಣುತ್ತದೆ. ಸೀಲನ್ನೊಡೆದು, ಚಿಮಣಿ ಹತ್ತಿರ ತಂದ ನನ್ನನ್ನು “ಪೆಟ್ರೋಲ್ ಇದೆ, ದೂರ ಹೋಗ್ರೀ!” ಎಂದು ಗದರಿ ಬ್ಯಾಟರಿ ಹಿಡಿಸಿ, ಗೆರೆಗೆ ಸರಿಯಾಗುವವರೆಗೆ ಹನಿಹನಿಯಾಗಿ ಹೊಯ್ದು, ಒರೆಸಿ, ಮುಚ್ಚಳ ಬಿಗಿದು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಹಗ್ಗವನ್ನು ಮಾತ್ರ ಮುಟ್ಟಲಿಲ್ಲ.

ಅದನ್ನೆಳೆದವರು ಶ್ರೀಮತಿಯವರು. ಮೊದಲ ಎಳೆತಕ್ಕೆ ಅದು ಕೆಮ್ಮಿತು, ಎರಡನೆಯದಕ್ಕೆ ಗೊಣಗಿತು, ಮೂರನೆಯದಕ್ಕೆ ಜಲಾಶಯದ ಆಚೆಯ ದಡಕ್ಕೂ ಕೇಳಿಸುವಂತೆ ಹೊರಟಿತು. ಒಂದೊಂದಾಗಿ ದೀಪ, ಆಮೇಲೆ ಫ್ಯಾನು, ಆಮೇಲೆ ಮಿಕ್ಸಿ, ಶಿರಸ್ತೇದಾರರು ಕೈಸನ್ನೆ ಮಾಡಿದ ಕ್ರಮದಲ್ಲಿಯೇ. ಬೆಳಕಿನಲ್ಲಿ ಅವರು ಜಗಲಿಯ ಮೇಲೆ ಕುಳಿತು, ಪೆನ್ನು ತೆಗೆದು, ಸದ್ದನ್ನು ಮೀರಿಸಿ ಕೂಗಿದರು: “ಏನೇ, ಎಷ್ಟನೇ ಎಳೆತಕ್ಕೆ ಹೊರಟಿತು?”

“ಮೂರು!” ಎಂದು ಮಿಕ್ಸಿಯ ಜಾರಿಗೆ ಕಾಯಿತುರಿ ತುಂಬುತ್ತ ಅವರೂ ಕೂಗಿದರು, “ಬರ್ಕೊಳ್ಳಿ!”