ಗೀರಿನ ಜಾತಕ

ಬೆಂಗಳೂರಿನ ಹುಳಿಮಾವಿನಲ್ಲಿ ಕಾರಿನ ಮೇಲಿನ ಗೀರು ಸುದ್ದಿಯೇ ಅಲ್ಲ. ಬನ್ನೇರುಘಟ್ಟ ರಸ್ತೆಯ ನಡುವೆ ಮೆಟ್ರೊ ಗುಲಾಬಿ ಮಾರ್ಗದ ಕಂಬಗಳು ಏಳುತ್ತಿದ್ದ ವರ್ಷಗಳಲ್ಲಿ, ಉಳಿದ ಇಕ್ಕಟ್ಟಿನಲ್ಲಿ ಬಸ್ಸು, ಆಟೊ, ನೀರಿನ ಟ್ಯಾಂಕರು, ಸಂದಿ ಕಂಡಲ್ಲಿ ನುಸುಳುವ ಬೈಕು ಎಲ್ಲವೂ ಮೈಗೆ ಮೈ ತಾಗಿಸಿಕೊಂಡೇ ಸಾಗಿದವು. ತಾಗಿದರೆ ಇಬ್ಬರೂ ಇಳಿಯುತ್ತಾರೆ, ಒಂದಷ್ಟು ದಿಟ್ಟಿಸುತ್ತಾರೆ, ಇನ್ನೊಂದಷ್ಟು ಬೈಯುತ್ತಾರೆ, ಹಿಂದಿನವರ ಹಾರ್ನು ತಾಳಲಾರದೆ ಹೊರಟುಬಿಡುತ್ತಾರೆ. ವಿಮೆಗೆ ಬರೆದರೆ ನೋ ಕ್ಲೈಮ್ ಬೋನಸ್ಸಿಗೆ ಕತ್ತರಿ. ಅದಕ್ಕಿಂತ ಗೀರೇ ಅಗ್ಗ. ಹೀಗೆ ಪಳಗಿದ ಕಣ್ಣನ್ನೇ ಹೊತ್ತು ನಾವು ಯುರೋಪಿಗೆ ಹೋಗಿ ಬಾಡಿಗೆ ಕಾರು ಹಿಡಿಯುತ್ತೇವೆ. ಕಾರನ್ನೊಮ್ಮೆ ನೋಡಿಕೊಳ್ಳಿ ಎಂದರೆ ನಮಗೆ ಕಾಣುವುದು ನಾಲ್ಕು ಚಕ್ರ, ಒಂದು ಸ್ಟೀರಿಂಗು. ಊರಿಗೆ ಮರಳಿ ಸೂಟ್‌ಕೇಸು ಬಿಚ್ಚುವಷ್ಟರಲ್ಲಿ ಇಮೇಲು ಬಂದಿರುತ್ತದೆ: ಎಡಗಡೆ ಬಂಪರಿನಲ್ಲಿ ಗೀರು, ಇಷ್ಟು ಯುರೋ ಕಡಿತವಾಗಿದೆ, ವಂದನೆಗಳು.

ಇಲ್ಲಿ ನಮ್ಮವರು ಮಾಡುವ ವಾದ ಸಾಮಾನ್ಯವಾಗಿ ತಪ್ಪು ದಿಕ್ಕಿನದು. 'ಇಷ್ಟು ಸಣ್ಣ ಗೀರಿಗೆ ಇಷ್ಟೊಂದು ದುಡ್ಡೇ' ಎಂದು ಕೇಳಿದಿರೋ, ಗೀರು ನಿಮ್ಮದೆಂದು ಒಪ್ಪಿದಂತಾಯಿತು. ಇನ್ನು ಉಳಿದದ್ದು ಚೌಕಾಸಿ. ಕೇಳಬೇಕಾದದ್ದು ಗೀರಿನ ಜಾತಕವನ್ನು: ಅದು ಹುಟ್ಟಿದ ದಿನ ಯಾವುದು, ವೇಳೆ ಯಾವುದು, ಆಗ ಕಾರು ಯಾರ ಕೈಯಲ್ಲಿತ್ತು? ಒಂದು ಸಂಗತಿ ಹೀಗಿದೆ ಎನ್ನುವವನೇ ಅದನ್ನು ರುಜುವಾತುಪಡಿಸಬೇಕೆಂಬ ನಿಯಮ ನಮ್ಮಲ್ಲಿ 1872ರ ಸಾಕ್ಷ್ಯ ಕಾಯಿದೆಯಲ್ಲೂ ಇತ್ತು, ಅದರ ಜಾಗಕ್ಕೆ ಬಂದ 2023ರ ಕಾಯಿದೆಯಲ್ಲೂ ಇದೆ. ಬಾಡಿಗೆ ಕಾರಿನ ಲೋಕ ಅದನ್ನು ತಲೆಕೆಳಗು ಮಾಡುವುದು ಕ್ರೆಡಿಟ್ ಕಾರ್ಡಿನ ಬಲದಿಂದ. ಜಯನಗರದ ಅಂಗಡಿಯ ವೆಬ್‌ಸೈಟಿನಲ್ಲಿ ಸೀರೆ ಕೊಂಡರೂ ಒಟಿಪಿ ಕೇಳುವ ನಮ್ಮ ಕಾರ್ಡು, ವಿದೇಶಿ ಕಂಪನಿ ಕೈಹಾಕಿದಾಗ ಸಾಮಾನ್ಯವಾಗಿ ತುಟಿಪಿಟಕ್ಕೆನ್ನದೆ ಕೊಟ್ಟುಬಿಡುತ್ತದೆ. ದುಡ್ಡು ಮೊದಲು ಹೋಗುತ್ತದೆ, ಆಮೇಲೆ ವಾದ. ನಿರಪರಾಧಿ ಎಂದು ಸಾಬೀತುಪಡಿಸುವ ಹೊಣೆ ಹುಳಿಮಾವಿನವನದು.

ಇದು ನಮ್ಮೂರಿನವರ ಜಿಪುಣತನದ ಗೊಣಗಾಟ ಎನ್ನಬೇಡಿ. 2015ರಲ್ಲಿ ಯುರೋಪಿಯನ್ ಕಮಿಷನ್ನೂ ಸದಸ್ಯ ದೇಶಗಳ ಗ್ರಾಹಕ ಸಂರಕ್ಷಣಾ ಅಧಿಕಾರಿಗಳೂ ಪಟ್ಟು ಹಿಡಿದ ಮೇಲೆ ಏವಿಸ್, ಎಂಟರ್‌ಪ್ರೈಸ್, ಯುರೋಪ್‌ಕಾರ್, ಹರ್ಟ್ಜ್, ಸಿಕ್ಸ್ಟ್ ಎಂಬ ಐದು ದೊಡ್ಡ ಕಂಪನಿಗಳು ತಮ್ಮ ನಡವಳಿಕೆ ತಿದ್ದಿಕೊಳ್ಳಲು ಒಪ್ಪಿದವು. ಕಾರು ತಪಾಸಣೆಯ ಕ್ರಮ ಸ್ಪಷ್ಟವಾಗಿರಬೇಕು, ಹಣ ಕಡಿತ ಮಾಡುವ ಮೊದಲು ಗ್ರಾಹಕನಿಗೆ ತಕರಾರು ಹೇಳಲು ಅವಕಾಶ ಸಿಗಬೇಕು ಎಂಬುದೂ ಅದರಲ್ಲಿತ್ತು. ಅಂದರೆ ಯುರೋಪಿನವರಿಗೂ ಇದೇ ಸಂಕಟ. ಈಗೀಗ ಅಮೆರಿಕದ ಕೆಲವು ವಿಮಾನ ನಿಲ್ದಾಣಗಳಲ್ಲಿ ಕಾರು ಹೋಗುವಾಗಲೂ ಬರುವಾಗಲೂ ಸುತ್ತೆಲ್ಲ ಫೋಟೊ ತೆಗೆಯುವ ಯಂತ್ರಗಳು ಬಂದಿವೆ. ಯಂತ್ರ ಪಕ್ಷಪಾತ ಮಾಡುವುದಿಲ್ಲವಲ್ಲ ಎಂದರೆ, ಸರಿ. ಎರಡೂ ಫೋಟೊ, ಎರಡೂ ವೇಳೆ ಮುಂದಿಟ್ಟರೆ ತೆಪ್ಪಗೆ ಹಣ ಕಟ್ಟುವುದೇ ಮರ್ಯಾದೆ. ಆದರೆ ಗೀರು ಯಾವಾಗ ಬಂತೆಂದು ಯಂತ್ರ ಹೇಳೀತು, ರಿಪೇರಿ ನಿಜಕ್ಕೂ ನಡೆಯಿತೇ ಎಂದು ಹೇಳದು. ಬಿಲ್ಲಿನಲ್ಲಿ ರಿಪೇರಿಯ ಕೆಳಗೆ ಕಚೇರಿ ಖರ್ಚು, ಅದರ ಕೆಳಗೆ ಕಾರು ಓಡದೆ ನಿಂತ ದಿನಗಳ ನಷ್ಟ ಎಂಬ ಸಾಲುಗಳೂ ಇರುತ್ತವೆ. ಕಾರು ಗ್ಯಾರೇಜಿನ ಮುಖ ಕಂಡಿತೋ ಇಲ್ಲವೋ, ಅದರ ರಜೆಯ ಸಂಬಳ ಮಾತ್ರ ನಮ್ಮ ತಲೆಗೆ. ಆದ್ದರಿಂದ ಗ್ಯಾರೇಜಿನ ಬಿಲ್ಲನ್ನೂ ಕೇಳಲೇಬೇಕು.

ಪೂರ್ತಿ ವಿಮೆ ತೆಗೆದುಕೊಂಡರಾಯಿತಲ್ಲ ಎನ್ನುವವರಿದ್ದಾರೆ. ತೆಗೆದುಕೊಳ್ಳಿ; ಆದರೆ ಟೈರು, ಗಾಜು, ಕಾರಿನ ತಳಭಾಗ 'ಪೂರ್ತಿ' ಎನ್ನುವ ವಿಮೆಯಿಂದಲೂ ಹಲವು ಸಲ ಹೊರಗೇ ಉಳಿಯುತ್ತವೆ. ನಮ್ಮ ರಸ್ತೆಯಲ್ಲಿ ಪಳಗಿದವರು ಮೊದಲು ಹಾಳುಮಾಡುವುದೂ ಅವನ್ನೇ. ಇನ್ನು ಕೆಲವರು, ಹುಳಿಮಾವಿನಲ್ಲಿ ಕೂತು ವಿದೇಶಿ ಕಂಪನಿಯ ಮೇಲೆ ದಾವೆ ಹೂಡಲಾದೀತೇ ಎನ್ನುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರ ತಾನಿರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವೂ ಇಲ್ಲ. ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಸೇವೆ ಮಾರುವ ವಿದೇಶಿ ಜಾಲತಾಣಗಳೂ 2020ರ ಇ-ಕಾಮರ್ಸ್ ನಿಯಮಗಳಿಗೆ ಒಳಪಡುತ್ತವೆ. ನಿಜ, ಇಲ್ಲಿ ಸಿಕ್ಕ ಆದೇಶವನ್ನು ಹೊರದೇಶದಲ್ಲಿ ಜಾರಿ ಮಾಡಿಸುವುದು ಕಷ್ಟ. ಆದ್ದರಿಂದ ಮೊದಲು ಕಂಪನಿಗೆ ಲಿಖಿತ ತಕರಾರು, ಜೊತೆಜೊತೆಗೇ ಗಡುವು ಮೀರದಂತೆ ಕಾರ್ಡು ಕೊಟ್ಟ ಬ್ಯಾಂಕಿಗೆ ದೂರು. ದುಡ್ಡು ಹೋದ ದಾರಿಯಲ್ಲೇ ವಾಪಸು ಬರುವುದು ಸುಲಭ.

ಕೊನೆಯ ಆಕ್ಷೇಪ ಮನೆಯೊಳಗಿನದು: ಪ್ರವಾಸಕ್ಕೆ ಹೋಗಿ ಬಂಪರಿನ ಫೋಟೊ ತೆಗೆಯುತ್ತ ಕೂರುವುದೇ? ಹೌದು, ಕೀಲಿ ಪಡೆದಾಗಲೂ ಕೊಟ್ಟಾಗಲೂ, ನಾಲ್ಕೂ ದಿಕ್ಕಿನಿಂದ. ಐಫೆಲ್ ಗೋಪುರದ ಫೋಟೊವನ್ನು ಮುಂದಿನ ವರ್ಷವೂ ತೆಗೆಯಬಹುದು, ಬೇರೆಯವರಿಂದಲೂ ಎರವಲು ತರಬಹುದು. ಬಾಡಿಗೆ ಕಾರಿನ ಎಡಗಡೆ ಬಂಪರಿನ ಫೋಟೊವನ್ನು ಜಗತ್ತಿನಲ್ಲಿ ಇನ್ಯಾರೂ ತೆಗೆದಿರುವುದಿಲ್ಲ. ತೆಗೆದಿದ್ದರೂ ಆ ಪುಣ್ಯಾತ್ಮ ಕಂಪನಿಯ ಕಡೆಯವನೇ.