ಗೃಹಜ್ಯೋತಿಯ ಕೆಂಪು ಫಲಾನುಭವಿ

ಗೃಹಜ್ಯೋತಿ ಫಲಾನುಭವಿಗಳ ಪಟ್ಟಿಯಲ್ಲಿ ಒಬ್ಬರ ಹೆಸರು ಬಿಟ್ಟುಹೋಗಿದೆ. ಅವರಿಗೆ ಆಧಾರ್ ಇಲ್ಲ, ಆರ್‌.ಆರ್. ನಂಬರಿಲ್ಲ. ಟಿವಿಯ ಕೆಳಗೆ ಕೆಂಪು ಕಣ್ಣು ಬಿಟ್ಟುಕೊಂಡು ಹಗಲಿರುಳು ಕೂತಿರುವ ಸೆಟ್‌ಟಾಪ್ ಬಾಕ್ಸ್ ಅವರು. ರಿಮೋಟ್ ಒತ್ತಿದರೆ ಟಿವಿ ನಿಜಕ್ಕೂ ಮಲಗುತ್ತದೆ, ಬಾಕ್ಸ್ ಮಲಗಿದಂತೆ ನಟಿಸುತ್ತದೆ. 10 ವ್ಯಾಟ್ ಎಳೆಯುವ ಬಾಕ್ಸ್ ತಿಂಗಳಿಗೆ 7 ಯೂನಿಟ್ ದಾಟಿಸುತ್ತದೆ.

2023ರಲ್ಲಿ ಯೋಜನೆ ಬಂದಾಗ ಉಚಿತ ಕರೆಂಟಿಗೆ ಸರಕಾರ ಹಾಕಿದ ಲೆಕ್ಕ ಇದು: 2022-23ರ ಸರಾಸರಿ ಬಳಕೆ, ಅದರ ಮೇಲೆ ನೂರಕ್ಕೆ 10, ಒಟ್ಟು 200 ಯೂನಿಟ್ ಮೀರಬಾರದು. ಸರಾಸರಿ 70 ಇದ್ದ ಮನೆಗೆ ಸಿಕ್ಕ ಹೆಚ್ಚುವರಿ ಪ್ರಸಾದ 7 ಯೂನಿಟ್. ಬಾಕ್ಸಿನ ಊಟವೂ ಅಷ್ಟೇ. ತಮಾಷೆ ಇರುವುದು ಸರಾಸರಿಯಲ್ಲಿ. ಆ ವರ್ಷ ಗೋಡೆಯ ಸ್ವಿಚ್ ಆರಿಸಿ ಆರಿಸಿ ಉಳಿಸಿದವನ ಅರ್ಹತೆ ಇಳಿಯಿತು, ಬಾಕ್ಸನ್ನು ಉರಿಯಲು ಬಿಟ್ಟವನ ಅರ್ಹತೆ ಏರಿತು. ಆಮೇಲೆ 48 ಯೂನಿಟ್ಟಿನೊಳಗಿನವರಿಗೆ ಶೇಕಡಾವಾರು ಬಿಟ್ಟು 10 ಯೂನಿಟ್ ಕೊಟ್ಟು ಸಮಾಧಾನ ಮಾಡಿದರು. ಮಿಕ್ಕ ಮಿತವ್ಯಯಿಗಳು ತಮ್ಮ ಸದ್ಗುಣವನ್ನು ಇನ್ನೂ ಹಲ್ಲು ಕಚ್ಚಿ ಅನುಭವಿಸುತ್ತಿದ್ದಾರೆ.

ಟಿವಿಯನ್ನೇ ಬೈಯುವುದು ಅನ್ಯಾಯ. 43 ಇಂಚಿನ ಎಲ್‌ಇಡಿ ಸುಮಾರು 80 ವ್ಯಾಟ್, ದಿನಕ್ಕೆ 6 ಗಂಟೆ ಹಾಕಿದರೂ ತಿಂಗಳಿಗೆ 14-15 ಯೂನಿಟ್. ಹಳೆಯ 21 ಇಂಚಿನ ಡಬ್ಬಾ ಟಿವಿಯೂ ಹೆಚ್ಚುಕಡಿಮೆ ಇಷ್ಟೇ ಉಣ್ಣುತ್ತಿತ್ತು. ತಂತ್ರಜ್ಞಾನ ಉಳಿಸಿಕೊಟ್ಟ ಕರೆಂಟನ್ನು ನಾವು ಇಂಚುಗಳಲ್ಲಿ ಕರಗಿಸಿದೆವು, ಅಷ್ಟೆ. ಸಂಡೂರಿನಲ್ಲಿ ಒಂದು ಹೆಜ್ಜೆ ಮುಂದೆ: ಅದಿರಿನ ಕೆಂಪು ಧೂಳು ಪರದೆಗೆ ಕೂತರೆ ಒರೆಸುವವರು ಯಾರು? ಬ್ರೈಟ್‌ನೆಸ್ ಏರಿಸಿದರಾಯಿತು. ಏರಿಸಿದಷ್ಟೂ ಮೀಟರ್ ಓಡುತ್ತದೆ. ಕೇಳಿದರೆ ಉತ್ತರ ಸಿದ್ಧ: “ತೋರಣಗಲ್ಲಿನ ಫ್ಯಾಕ್ಟರಿ ಮುಂದೆ ನಮ್ ಟಿವಿ ಯಾವ ಲೆಕ್ಕ ಬಿಡಪಾ.”

ಹೊಸಪೇಟೆಗೆ ಕರೆಂಟಿನ ವಿಷಯದಲ್ಲಿ ಬೇರೆಯೇ ಗತ್ತು. ಡ್ಯಾಮ್ ನಮ್ಮದು! ಡ್ಯಾಮಿನ ಬುಡದ ಪವರ್‌ಹೌಸ್ 36 ಮೆಗಾವ್ಯಾಟ್, ಹಂಪಿ ಪವರ್‌ಹೌಸ್ ಇನ್ನೊಂದು 36. ಎರಡೂ ಸೇರಿದ 72ರಲ್ಲಿ ಕರ್ನಾಟಕಕ್ಕೆ ಐದರಲ್ಲೊಂದು ಪಾಲು, ಅದೂ ನೀರು ಬಿಟ್ಟಾಗ. ಉಳಿದ ಗತ್ತಿಗೆಲ್ಲ ಕುಡತಿನಿಯಲ್ಲಿ ಕಲ್ಲಿದ್ದಲು ಸುಡುತ್ತಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದ ಮೇಲೆ, ಊರಂಚಿನ ಡ್ಯಾಮನ್ನು ಊರು ದಿನಗಟ್ಟಲೆ 55 ಇಂಚಿನಲ್ಲಿ ನೋಡಿತು. ಕರೆಂಟ್ ಆಗಬೇಕಿದ್ದ ನೀರು ಹೊಳೆ ಪಾಲಾಗುವುದನ್ನು ಕರೆಂಟ್ ಸುಟ್ಟು ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಹಂಪಿಯ ಕಡೆ ಪ್ರವಾಸಿಗರು ಕೋಣೆಯೊಳಗೆ ಕೂತು ಡ್ರೋನ್‌ನಲ್ಲಿ ತೆಗೆದ ಕಲ್ಲಿನ ರಥ ನೋಡುತ್ತಾರೆ. ಹೊರಗಿರುವ ರಥಕ್ಕೆ ಯೂನಿಟ್ ಬೀಳುವುದಿಲ್ಲವಾದ್ದರಿಂದ ಅದಕ್ಕೆ ಅಷ್ಟು ಬೆಲೆಯಿಲ್ಲ. ಕಂಪ್ಲಿಯಲ್ಲಿ ಕಬ್ಬು, ಭತ್ತದ ರೈತ ಪಂಪ್‌ಸೆಟ್ಟಿಗೆ ತ್ರೀಫೇಸ್ ಯಾವ ಹೊತ್ತಿಗೆ ಬರುತ್ತದೋ ಎಂದು ನಡುರಾತ್ರಿ ಗದ್ದೆಗೆ ಹೋದರೆ, ಮನೆಯಲ್ಲಿ ಟಿವಿ ಯಾರೂ ಇಲ್ಲದ ಪಡಸಾಲೆಗೆ ವಾರ್ತೆ ಓದುತ್ತಿರುತ್ತದೆ. ಕರೆಂಟ್ ಹೋಯಿತೆನ್ನಿ, ಇನ್ವರ್ಟರ್ ಇದೆ. ಬ್ಯಾಟರಿ ಸಾಲದು ಎಂದಾಗ ಮೊದಲು ನಿಲ್ಲುವುದು ಅಜ್ಜಿಯ ಫ್ಯಾನು.

ಗಣಕ ಕಲಿತ ಮಕ್ಕಳೇನು ಕಮ್ಮಿಯಿಲ್ಲ. ಮಾನಿಟರ್ ಮೇಲೆ ಮೀನು ಈಜಾಡಿಸುವ ಸ್ಕ್ರೀನ್‌ಸೇವರ್ ಹಾಕಿ ಕರೆಂಟ್ ಉಳಿಸಿದೆವು ಎನ್ನುತ್ತಾರೆ. ಮೀನಿಗೂ ಬೆಳಕು ಬೇಕಲ್ಲ.

ಹಾಗಾದರೆ ಗೋಡೆಯ ಸ್ವಿಚ್ ಆರಿಸಬಾರದೆ? ಆರಿಸಬಹುದು, ಆದರೆ ಸ್ವಿಚ್‌ಬೋರ್ಡ್ ಶೋಕೇಸಿನ ಹಿಂದಿದೆ. ಶೋಕೇಸ್ ಸರಿಸಲು ಇಬ್ಬರು ಗಂಡಾಳು ಬೇಕು. ಸರಿಸಿ ಆರಿಸಿದಿರಿ ಎಂದೇ ಇಟ್ಟುಕೊಳ್ಳಿ. ಮರುದಿನ ಸಂಜೆ ಬಾಕ್ಸ್ ಎಚ್ಚರವಾಗಿ, ಆಕಳಿಸಿ, ಸಿಗ್ನಲ್ ಹುಡುಕಿ ಚಾನೆಲ್ ತೋರಿಸುವಷ್ಟರಲ್ಲಿ ಸೀರಿಯಲ್ಲಿನ ಅತ್ತೆ ಸೊಸೆಯ ಕೆನ್ನೆಗೆ ಬಾರಿಸಿ ಮುಗಿಸಿರುತ್ತಾಳೆ. ಆ ನಷ್ಟವನ್ನು ಯಾವ ಸರಕಾರ ತುಂಬಿಕೊಡುತ್ತದೆ?