ಹಿಮಗೃಹವಿಕ್ರಯ ಮೀಮಾಂಸೆ

ಪೀಠಿಕೆ

ಮನೆ ಕಟ್ಟುವ ಶಾಸ್ತ್ರಕ್ಕೆ ನಮ್ಮಲ್ಲಿ ಬರವಿಲ್ಲ. ಬಾಗಿಲು ಯಾವ ದಿಕ್ಕಿಗೆ, ಒಲೆ ಯಾವ ಮೂಲೆಗೆ ಎಂದು ಹೇಳಲು ಓಣಿಗೊಬ್ಬ ಪಂಡಿತನಿದ್ದಾನೆ. ಕಟ್ಟಿದ್ದನ್ನು ಮಾರುವ ಶಾಸ್ತ್ರ ಮಾತ್ರ ಬಡವಾಗಿದೆ. ಕೌಟಿಲ್ಯ ಇದರತ್ತ ಸ್ವಲ್ಪ ಕಣ್ಣು ಹಾಯಿಸಿದ್ದಾನೆ. ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಮೈಸೂರಿನಲ್ಲಿ ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದ ಮೂರನೆಯ ಅಧಿಕರಣದ ಪ್ರಕಾರ, ಮನೆ ಮಾರುವವನು ನೆರೆಯ ನಲವತ್ತು ಕುಲದವರ ಎದುರು, ಮನೆಯ ಮುಂದೆಯೇ ನಿಂತು ಮಾರಾಟ ಸಾರಬೇಕು. ಮೂರು ಸಲ ಕೂಗಿದರೂ ಯಾರೂ ತಕರಾರೆತ್ತದಿದ್ದರೆ ವ್ಯಾಪಾರ ಕುದುರಿತು. ಪೈಪೋಟಿಯಲ್ಲಿ ಬೆಲೆ ಏರಿದರೆ ಏರಿದಷ್ಟು ಹಣ ಬೊಕ್ಕಸಕ್ಕೆ. ಇಷ್ಟೆಲ್ಲ ಯೋಚಿಸಿದ ಆಚಾರ್ಯ, ಆ ನಲವತ್ತು ಕುಲದವರು ಮೊಣಕಾಲುದ್ದದ ಹಿಮದಲ್ಲಿ ನಿಲ್ಲಬೇಕಾಗಿ ಬಂದರೆ ಗತಿಯೇನು, ಒಳಗೆ ಕರೆದರೆ ಸೋಫಾದ ಮೇಲೆ ಎಷ್ಟು ದಿಂಬಿರಬೇಕು ಎಂಬುದನ್ನು ಹೇಳದೆ ಹೋದ. ಆ ಲೋಪವನ್ನು ತುಂಬುವುದಕ್ಕೇ ಈ ಗ್ರಂಥಾರಂಭ.

ಅನುಬಂಧ ಚತುಷ್ಟಯ

ಯಾವ ಶಾಸ್ತ್ರಕ್ಕೂ ನಾಲ್ಕು ಅಂಗಗಳು ಬೇಕು. ವಿಷಯ: ಚಳಿಗಾಲದಲ್ಲಿ ಮನೆಯನ್ನು ಸಿಂಗರಿಸಿ ಮಾರುವುದು. ಸಂಬಂಧ: ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಮತ್ತು ಅದರ ಸುತ್ತಲಿನ ಊರುಗಳೊಂದಿಗೆ. ಪ್ರಯೋಜನ: ಸಾಲ ತೀರುವುದು. ಅಧಿಕಾರಿ: ಕೆಲಸ ಬೇರೆ ಊರಿಗೆ ಬದಲಾದವನು, ವಸಂತದವರೆಗೆ ಕಾಯಲಾಗದವನು. ಕಾಯಬಲ್ಲವನಿಗೆ ಈ ಶಾಸ್ತ್ರ ಬೇಡ. ಮೇ, ಜೂನ್ ಬಂದರೆ ಹುಲ್ಲು ಹೂವುಗಳೇ ದಲ್ಲಾಳಿ ಕಮಿಷನ್ ಕೇಳದೆ ಮನೆ ಮಾರಿಕೊಡುತ್ತವೆ.

ಸಂಪ್ರದಾಯದ ಮೂಲಪ್ರವರ್ತಕಿ ವಾಷಿಂಗ್ಟನ್ ರಾಜ್ಯದ ಬಾರ್ಬ್ ಶ್ವಾರ್ಟ್ಸ್. ಮಾರಾಟದ ಮನೆಯನ್ನು ನಾಟಕದ ಸೀನಿನಂತೆ ಸಜ್ಜುಗೊಳಿಸುವ 'ಸ್ಟೇಜಿಂಗ್' ಮತವನ್ನು 1972ರಲ್ಲಿ ಸ್ಥಾಪಿಸಿದ ಕೀರ್ತಿ ಆಕೆಗೇ ಸಲ್ಲುತ್ತದೆ. ಇನ್ನು ಸೂತ್ರಗಳು.

ಸೂತ್ರ 1: ಮಾರುವ ಮನೆಯಲ್ಲಿ ಮನುಷ್ಯರು ಬಾಳಿದ ಸುಳಿವಿರತಕ್ಕದ್ದಲ್ಲ

ಭಾಷ್ಯ: ಗೋಡೆಯ ಮೇಲಿನ ಮದುವೆ ಫೋಟೊ, ಫ್ರಿಜ್ಜಿನ ಮೇಲಿನ ಮಕ್ಕಳ ಚಿತ್ರ, ಬಾಗಿಲ ಬಳಿ ರಾಶಿ ಬಿದ್ದ ಬೂಟು, ಒಂಟಿ ಕೈಗವಸು, ಉಪ್ಪಿನ ಕಲೆಯ ಕಾಲೊರಸು ಎಲ್ಲವೂ ಗ್ಯಾರೇಜಿಗೆ. ಅವುಗಳ ಜಾಗದಲ್ಲಿ ಯಾರೂ ತೊಡದ ಒಂದು ಜೊತೆ ಬೂಟು, ಯಾರೂ ಹೊದೆಯದ ಒಂದು ಉಣ್ಣೆಶಾಲು, ಯಾರೂ ಒರಗದ ಏಳು ದಿಂಬು. ಈ ಮೂರೂ ಬಾಡಿಗೆಗೆ ಸಿಗುತ್ತವೆ. ಹೀಗೆ ಚಳಿಗಾಲವನ್ನು ನಿಜವಾಗಿ ಕಳೆದವರ ಸಾಮಾನು ಹೊರಗೆ ಹೋಗಿ, ಚಳಿಗಾಲದ ವೇಷ ಒಳಗೆ ಬರುತ್ತದೆ.

ಪೂರ್ವಪಕ್ಷ: ಹಾಗಾದರೆ ಮನೆಯವರು ಎಲ್ಲಿರಬೇಕು?

ಸಿದ್ಧಾಂತ: ಮನೆಯಲ್ಲೇ ಇರಬಹುದು, ಕಾಣಬಾರದು. ಗಿರಾಕಿ ಬರುತ್ತಾನೆಂದು ಮೊಬೈಲು ಗುಣುಗಿದೊಡನೆ ಗಂಡ, ಹೆಂಡತಿ, ಮಕ್ಕಳು, ನಾಯಿ, ಊರಿನಿಂದ ಬಂದ ಅತ್ತೆ ಸಮೇತ ಗಾಡಿ ಹತ್ತಿ, ಮುಂದಿನ ತಿರುವಿನಲ್ಲಿ ಹೀಟರ್ ಹಾಕಿಕೊಂಡು ಕೂರುವುದು. ಇದೇ ವ್ಯಾನ್‌ಪ್ರಸ್ಥಾಶ್ರಮ.

ಸೂತ್ರ 2: ಸೂರ್ಯನ ಬಾಕಿಯನ್ನು ಬಲ್ಬು ತೀರಿಸತಕ್ಕದ್ದು

ಭಾಷ್ಯ: ಡಿಸೆಂಬರ್ 21ರ ಆಸುಪಾಸಿನಲ್ಲಿ ಮಿನಿಯಾಪೊಲಿಸ್ಸಿನ ಸೂರ್ಯ ಸಂಜೆ ನಾಲ್ಕೂವರೆಗೆಲ್ಲ ಬಾಗಿಲು ಹಾಕುತ್ತಾನೆ. ಗಿರಾಕಿ ಆಫೀಸು ಮುಗಿಸಿ ಬರುವುದು ಅನಂತರ. ಆದ್ದರಿಂದ ಬಟ್ಟೆ ಬೀರುವಿನೊಳಗಿನದ್ದೂ ಸೇರಿ ಸಕಲ ದೀಪಗಳೂ ಉರಿಯಬೇಕು. 2700 ಕೆಲ್ವಿನ್‌ನ ಹಳದಿ ಬೆಳಕು ಶ್ರೇಷ್ಠ, ಆಸ್ಪತ್ರೆಯ ಬಿಳಿ ಬೆಳಕು ನಿಷಿದ್ಧ. ಕತ್ತಲಲ್ಲಿ ಹಿತ್ತಲು ಕಾಣದಿರುವುದು ದೋಷವೇ? ಪಕ್ಕದ ಮನೆಯ ಮುರುಕು ಟ್ರ್ಯಾಂಪೊಲಿನ್ ಸಹ ಕಾಣುವುದಿಲ್ಲವಾದ್ದರಿಂದ ಗುಣವೆಂದೇ ಹಲವರ ಮತ. ಹಿತ್ತಲಿನ ಜುಲೈ ತಿಂಗಳ ಚಿತ್ರವೊಂದನ್ನು ಅಡುಗೆಕಟ್ಟೆಯ ಮೇಲಿಟ್ಟರೆ ಸಾಕು. ಪ್ರತ್ಯಕ್ಷ ಸೋತಲ್ಲಿ ಫ್ರೇಮೇ ಪ್ರಮಾಣ.

ಜಾಹೀರಾತಿನ ಚಿತ್ರದ ವಿಚಾರದಲ್ಲಿ ಎಚ್ಚರ ಬೇಕು. ಹೊಗೆಯಿಂದ ಬೆಂಕಿಯನ್ನು ಊಹಿಸುವ ನೈಯಾಯಿಕರಂತೆ, ಏಪ್ರಿಲ್ಲಿನಲ್ಲಿ ಜಾಹೀರಾತು ನೋಡುವವನು ಚಿತ್ರದೊಳಗಿನ ಹಿಮದಿಂದ 'ಈ ಮನೆ ಜನವರಿಯಿಂದ ಬಿಕರಿಯಾಗದೆ ಕೂತಿದೆ' ಎಂದು ಊಹಿಸಿ, ಬೆಲೆಯನ್ನು ಅಲ್ಲೇ ಕತ್ತರಿಸುತ್ತಾನೆ.

ಸೂತ್ರ 3: ಇಂಗು ಬಂದೀತು, ಗಿರಾಕಿ ಹೋದಾನು

ಭಾಷ್ಯ: ಈ ಸೂತ್ರ ಅಲ್ಲಿನ ಕನ್ನಡಿಗರನ್ನು ನೇರವಾಗಿ ತಟ್ಟುವಂಥದು. ಚಳಿಗೆ ಕಿಟಕಿ ತೆರೆಯುವಂತಿಲ್ಲ. ಆದ್ದರಿಂದ ಸೋಮವಾರದ ಸಾರಿನ ಒಗ್ಗರಣೆ ಗುರುವಾರವೂ ಪರದೆಯಲ್ಲಿ ವಾಸವಾಗಿರುತ್ತದೆ. ಮನೆ ಮಾರುವವರೆಗೆ ಬ್ರೆಡ್ಡು ಜಾಮೇ ಗತಿ. ಏಜೆಂಟರು ಇದಕ್ಕೆ ಪ್ರತಿಯಾಗಿ ಓವನ್ನಿನಲ್ಲಿ ಕುಕ್ಕಿ ಬೇಯಿಸಿ, ದಾಲ್ಚಿನ್ನಿ ಕುದಿಸಿ ಎನ್ನುತ್ತಾರೆ. ಆದರೆ 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಮತವನ್ನು ಅಲುಗಾಡಿಸಿದೆ. ಸ್ವಿಟ್ಜರ್‌ಲೆಂಡಿನ ಗೃಹಾಲಂಕಾರದ ಅಂಗಡಿಯೊಂದರಲ್ಲಿ ಬರೀ ಕಿತ್ತಳೆಯ ಪರಿಮಳ ಹರಡಿದಾಗ ಜನ ಹೆಚ್ಚು ಖರ್ಚು ಮಾಡಿದರು. ಕಿತ್ತಳೆಗೆ ತುಳಸಿಯ ಜಾತಿಯ ಬೇಸಿಲ್ಲನ್ನೂ ಹಸಿರು ಚಹಾವನ್ನೂ ಬೆರೆಸಿದಾಗ ಆ ಹೆಚ್ಚಳ ಕಾಣಲಿಲ್ಲ. ಸಂಕೀರ್ಣ ವಾಸನೆಯನ್ನು ಬಿಡಿಸಲು ಹೊರಟ ಮಿದುಳಿಗೆ ಕೊಳ್ಳುವುದು ಮರೆತುಹೋಗುತ್ತದೆಂಬುದು ಸಂಶೋಧಕರ ಸಮಾಧಾನ. ಸಾಸಿವೆ, ಕರಿಬೇವು, ಇಂಗು, ಬ್ಯಾಡಗಿ ಮೆಣಸಿನಕಾಯಿ ಒಟ್ಟಿಗೆ ಸಿಡಿದರೆ ಆ ಮಿದುಳಿನ ಪಾಡೇನೆಂಬುದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಸೂತ್ರ 4: ದೇವರೂ ಗ್ಯಾರೇಜಿಗೆ

ಭಾಷ್ಯ: ಕೊಳ್ಳುವವನ ಮತ ಯಾವುದೋ ತಿಳಿಯದು, ಆದ್ದರಿಂದ ದೇವರಮನೆಯ ಕಪಾಟನ್ನು ಖಾಲಿ ಮಾಡಿ, ಎರಡು ಪುಸ್ತಕ ಮತ್ತು ಒಂದು ಕುಂಡ ಇಟ್ಟು 'ಓದುವ ಮೂಲೆ' ಎಂದು ಕರೆಯತಕ್ಕದ್ದು. ಇದೇ ಅಮೆರಿಕದಲ್ಲಿ ಮನೆ ಬೇಗ ಬಿಕರಿಯಾಗಲೆಂದು ಸಂತ ಜೋಸೆಫರ ಪುಟ್ಟ ಮೂರ್ತಿಯನ್ನು ಅಂಗಳದಲ್ಲಿ ತಲೆಕೆಳಗಾಗಿ ಹೂಳುವ ಪದ್ಧತಿಯೂ ಇದೆ. ಇಲ್ಲಿ ಹಿಮಕ್ಷೇತ್ರದ ವಿಶೇಷ ತೊಡಕು ಎದುರಾಗುತ್ತದೆ. ಮಿನಿಯಾಪೊಲಿಸ್ ಭಾಗದಲ್ಲಿ ಮನೆಯ ಅಡಿಪಾಯ 42 ಅಂಗುಲ ಆಳಕ್ಕಿಳಿಯಬೇಕೆಂದು ಕಟ್ಟಡ ನಿಯಮವೇ ಹೇಳುತ್ತದೆ, ನೆಲ ಅಷ್ಟು ಕೆಳಗಿನವರೆಗೂ ಹೆಪ್ಪುಗಟ್ಟಬಹುದೆಂದು. ಜನವರಿಯಲ್ಲಿ ಸಂತರನ್ನು ಹೂಳಲು ಗುದ್ದಲಿ ಸಾಲದು. ಪರಿಹಾರ: ಹೂಕುಂಡದಲ್ಲಿ ಹೂಳುವುದು. ಕುಂಡವನ್ನು ಓದುವ ಮೂಲೆಯಲ್ಲೇ ಇಟ್ಟರೆ ಉಭಯ ಮತಗಳ ಸಮನ್ವಯವಾಗುತ್ತದೆ.

ಕೊಳ್ಳುವವನೂ ನಮ್ಮವನೇ ಆಗಿದ್ದರೆ ಇನ್ನೊಂದು ತೊಡಕು. ಮನೆ ಒಪ್ಪಿಗೆಯಾದರೂ ಧನುರ್ಮಾಸವೆಂದು ಜನವರಿ ಮಧ್ಯದ ಸಂಕ್ರಾಂತಿಯವರೆಗೆ ಹಾಲು ಉಕ್ಕಿಸಲೊಲ್ಲ. ಉತ್ತರಾಯಣ ಪುಣ್ಯಕಾಲ ಬಂದಾಗ ಹೊರಗೆ ಕಾಲಿಡಲಾಗದಷ್ಟು ಚಳಿ.

ಸೂತ್ರ 5: ಸತ್ಯವು ಸೂರಿನಿಂದ ಜೋತುಬಿದ್ದಿರುತ್ತದೆ

ಭಾಷ್ಯ: ಇದು ಗ್ರಂಥದ ಹೃದಯ. ಸೂರಿನಂಚಿನಲ್ಲಿ ಸಾಲಾಗಿ ಇಳಿಬಿದ್ದ ಹಿಮದ ಬಿಳಲುಗಳನ್ನು ಕಂಡು ಗಿರಾಕಿ 'ಆಹಾ' ಎನ್ನುತ್ತಾನೆ, ಸೆಲ್ಫಿ ತೆಗೆಯುತ್ತಾನೆ. ಶಾಸ್ತ್ರಜ್ಞ ಮಾತ್ರ ಬೇರೆಯದನ್ನು ಓದುತ್ತಾನೆ. ಅಟ್ಟದ ನಿರೋಧಕ ಹೊದಿಕೆ ತೆಳ್ಳಗಿದ್ದರೆ ಒಳಗಿನ ಶಾಖ ಮೇಲೇರಿ ಛಾವಣಿಯ ಹಿಮವನ್ನು ಕರಗಿಸುತ್ತದೆ. ಆ ನೀರು ಹರಿದು ತಣ್ಣನೆಯ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಒಡ್ಡಾಗುತ್ತದೆ. ಒಡ್ಡಿನ ಹಿಂದೆ ನಿಂತ ನೀರು ಹೆಂಚಿನಡಿ ನುಸುಳಿ ಗೋಡೆಗಿಳಿಯುತ್ತದೆ. ಬಿಳಲು ದಪ್ಪವಿದ್ದಷ್ಟೂ ಅನುಮಾನ ಗಟ್ಟಿ. ಹೊಸ್ತಿಲಲ್ಲಿ ಹಸಿರು ತೋರಣ, ಒಳಗೆ ಅಗ್ಗಿಷ್ಟಿಕೆ, ಏಳು ದಿಂಬು. ಹೊರಗೆ ಮಾತ್ರ ಮನೆ ತಾನಾಗಿಯೇ ತಪ್ಪೊಪ್ಪಿಗೆ ಬರೆದು ನೇತುಹಾಕಿಕೊಂಡಿರುತ್ತದೆ.

ಬೇಸಿಗೆಯ ಮನೆ ಎಂಥ ಸುಳ್ಳನ್ನೂ ಹೇಳಿ ದಕ್ಕಿಸಿಕೊಳ್ಳುತ್ತದೆ. ಚಳಿಗಾಲದ ಮನೆಗೆ ಆ ಸೌಲಭ್ಯವಿಲ್ಲ. ಕಿಟಕಿಯ ಸಂದಿನ ಗಾಳಿ ಕುತ್ತಿಗೆಗೆ ತಾಗುತ್ತದೆ, ಫರ್ನೇಸಿನ ಕೆಮ್ಮು ಕಿವಿಗೆ ಬೀಳುತ್ತದೆ. ಮನೆಯವರು ಗ್ಯಾಸ್ ಬಿಲ್ಲಿಗೆ ಹೆದರಿ ಸ್ವೆಟರಿನಲ್ಲಿ ನಡುಗುತ್ತಿದ್ದರೂ ಗಿರಾಕಿ ಬರುವ ಮುನ್ನ ಥರ್ಮೋಸ್ಟ್ಯಾಟ್ 70 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರುವುದು ಇದಕ್ಕೇ. ಖಾಲಿ ಬಿಟ್ಟ ಮನೆಯಲ್ಲೂ ಅದನ್ನು 55ಕ್ಕಿಂತ ಕೆಳಗಿಳಿಸುವಂತಿಲ್ಲ. ಹೆಪ್ಪುಗಟ್ಟುವ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ, ಪೈಪು ಹಿಗ್ಗುವುದಿಲ್ಲ.

ಫಲಶ್ರುತಿ

ಈ ಪ್ರಕರಣವನ್ನು ಶ್ರದ್ಧೆಯಿಂದ ಓದಿ, ಹಿಮ ನಿಂತ 24 ಗಂಟೆಯೊಳಗೆ ಕಾಲುದಾರಿಯನ್ನು ನಗರಸಭೆಯ ಕಾನೂನಿನಂತೆ ಗುಡಿಸುವವನಿಗೆ ಜಾರಿಬಿದ್ದ ಗಿರಾಕಿಯ ವಕೀಲನ ಕಾಟ ತಪ್ಪುವುದು. ದಿಂಬುಗಳನ್ನು ಸಕಾಲಕ್ಕೆ ಹಿಂತಿರುಗಿಸುವವನಿಗೆ ಠೇವಣಿ ಮರಳುವುದು.

ಕೊಳ್ಳುವವನಿಗೆ ಒಂದೇ ಉಪದೇಶ. ಮನೆ ನೋಡಲು ಜನವರಿಯಲ್ಲೇ ಹೋಗು, ಸತ್ಯಕ್ಕೆ ಅದೇ ಸೀಸನ್ನು. ದಿಂಬು ಎಣಿಸಬೇಡ, ಫರ್ನೇಸಿನ ವಯಸ್ಸು ಕೇಳು, ಅಟ್ಟಕ್ಕೆ ಹತ್ತು, ಸೂರು ನೋಡು. ದಿಂಬು ಮಾರನೆಯ ವಾರ ಇನ್ನೊಂದು ಮನೆಗೆ ಹೋಗುತ್ತದೆ. ಸೋರುವ ಸೂರು ಮೂವತ್ತು ವರ್ಷದ ಸಾಲದ ಜೊತೆ ನಿನಗೇ ಉಳಿಯುತ್ತದೆ.